ಹ್ಯಾಸ್ಕೆಲ್‌ನಲ್ಲಿ ಗ್ರಾಫಿಕ್ಸ್‌ಗೆ ಯಾವ ಲೈಬ್ರರಿ ಹಿಡಿಯಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ಹ್ಯಾಸ್ಕೆಲ್ ಎಂಬ ಫಂಕ್ಷನಲ್ ಪ್ರೋಗ್ರಾಮಿಂಗ್ ಭಾಷೆ ಕಲಿಯುವವರು ಲಿಸ್ಟು, ರಿಕರ್ಷನ್ನು, ಮೊನಾಡು ಎಲ್ಲ ದಾಟಿದ ಮೇಲೆ ಒಂದು ದಿನ ಸ್ಕ್ರೀನಿನ ಮೇಲೆ ಏನಾದರೂ ಓಡಾಡಲಿ ಎಂದು ಆಸೆಪಡುತ್ತಾರೆ. ಹ್ಯಾಸ್ಕೆಲ್ ಪ್ಯಾಕೇಜುಗಳ ಭಂಡಾರವಾದ ಹ್ಯಾಕೇಜ್‌ಗೆ ಹೋಗಿ ಗ್ರಾಫಿಕ್ಸ್ ಎಂದು ಹುಡುಕುತ್ತಾರೆ. ನೂರಾರು ಪ್ಯಾಕೇಜುಗಳು ಸಾಲಾಗಿ ಬರುತ್ತವೆ, ಎಷ್ಟೋ ವರ್ಷಗಳಿಂದ ಯಾರೂ ಮುಟ್ಟದವೂ ಅವುಗಳಲ್ಲಿ ಸೇರಿರುತ್ತವೆ. ಅಲ್ಲಿಂದ ಮುಂದೆ ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಥರ ಇರುವುದರಿಂದ ಉತ್ತರಗಳನ್ನು ಇಲ್ಲಿ ಒಟ್ಟಿಗೆ ಬರೆದಿಟ್ಟಿದ್ದೇನೆ. ಇದರಲ್ಲಿ ನನ್ನ ಒಲವುಗಳೂ ಇವೆ, ಮುಚ್ಚಿಡುವುದಿಲ್ಲ.

ಸುತ್ತುಬಳಸಿ ಬೇಡ. ಯಾವುದು ತಗೊಳ್ಳಲಿ?

ಕಲಿಕೆಗೆ, ಸಣ್ಣ ಆಟಕ್ಕೆ, ಸಿಮ್ಯುಲೇಶನ್‌ಗೆ ಗ್ಲಾಸ್. ಲೇಖನಕ್ಕೋ ಸ್ಲೈಡಿಗೋ ಬೇಕಾದ ಅಲುಗಾಡದ ಚಿತ್ರಕ್ಕೆ ಡಯಾಗ್ರಾಮ್ಸ್. ಸದ್ದು, ಜಾಯ್‌ಸ್ಟಿಕ್ಕು, ಸ್ಪ್ರೈಟು ಎಲ್ಲ ಬೇಕಾದ 2ಡಿ ಆಟಕ್ಕೆ ಎಸ್‌ಡಿಎಲ್2. 3ಡಿ ಬೇಕು, ಶೇಡರ್ (ಗ್ರಾಫಿಕ್ಸ್ ಕಾರ್ಡಿನ ಮೇಲೇ ಓಡುವ ಸಣ್ಣ ಪ್ರೋಗ್ರಾಮು) ನಾನೇ ಬರೆಯುತ್ತೇನೆ ಅನ್ನುವವರಿಗೆ ವಿಂಡೋ ತೆರೆಯುವ ಜಿಎಲ್‌ಎಫ್‌ಡಬ್ಲ್ಯೂ ಜೊತೆಗೆ ಓಪನ್‌ಜಿಎಲ್. ಗೊತ್ತಿಲ್ಲ, ಗೊಂದಲ ಅನ್ನುವವರು ಗ್ಲಾಸ್‌ನಿಂದಲೇ ಶುರು ಮಾಡಿ.

(ಕನ್ನಡದಲ್ಲಿ ಬರೆದಾಗ ಕಾಫಿ ಕುಡಿಯುವ ಗ್ಲಾಸಿನಂತೆ ಕಾಣುತ್ತದೆ. ಇದು ಹೊಳಪು ಎಂಬರ್ಥದ ಗ್ಲಾಸ್.)

ಬೇರೆ ಭಾಷೆಗಳಲ್ಲಿ ಇಷ್ಟು ಯೋಚಿಸುವುದಿಲ್ಲವಲ್ಲ, ಇಲ್ಲಿ ಮಾತ್ರ ಯಾಕೆ?

ಗ್ರಾಫಿಕ್ಸ್ ಕಾರ್ಡಿಗೆ ಅರ್ಥವಾಗುವುದು ಆಜ್ಞೆಗಳು. 1992ರಲ್ಲಿ ಸಿಲಿಕಾನ್ ಗ್ರಾಫಿಕ್ಸ್ ಕಂಪನಿ ತಂದ, ಕಾರ್ಡಿಗೆ ಆ ಆಜ್ಞೆಗಳನ್ನು ಮುಟ್ಟಿಸುವ ಓಪನ್‌ಜಿಎಲ್ ಕಟ್ಟಿದ್ದೇ ಹಾಗೆ. ಬಣ್ಣ ಕೆಂಪು ಎಂದು ಒಮ್ಮೆ ಹೇಳಿದರೆ ಮತ್ತೊಂದು ಬಣ್ಣ ಹೇಳುವ ತನಕ ಬರೆದದ್ದೆಲ್ಲ ಕೆಂಪು. ಯಾವ ಸಾಲು ಯಾವುದರ ಹಿಂದೆ ಬಂತು ಎನ್ನುವುದರ ಮೇಲೆ ಇಡೀ ಚಿತ್ರ ನಿಂತಿರುತ್ತದೆ. ಹ್ಯಾಸ್ಕೆಲ್ ಫಂಕ್ಷನ್‌ಗೆ ಇಂಥ ನೆನಪು ಇಲ್ಲ, ಒಂದೇ ಇನ್‌ಪುಟ್ಟಿಗೆ ಯಾವತ್ತೂ ಒಂದೇ ಉತ್ತರ.

ಇವೆರಡನ್ನೂ ಒಂದೇ ಸೂರಿನಡಿ ತರಲು ಎರಡು ದಾರಿಗಳಿವೆ. ಒಂದು, ಚಿತ್ರವನ್ನೇ ಒಂದು ವ್ಯಾಲ್ಯೂ ಮಾಡಿಬಿಡುವುದು: ಸಂಖ್ಯೆಯನ್ನು ಕೂಡಿಸಿದಂತೆ ಎರಡು ಚಿತ್ರಗಳನ್ನು ಕೂಡಿಸುವುದು, ಒಂದರ ಪಕ್ಕ ಒಂದನ್ನು ಇಡುವುದು, ತಿರುಗಿಸುವುದು. ಪೀಟರ್ ಹೆಂಡರ್ಸನ್ 1982ರಲ್ಲೇ ಚಿತ್ರಕಾರ ಎಷರ್‌ನ ಮೀನಿನ ಚಿತ್ರವನ್ನು ಹೀಗೆ ನಾಲ್ಕಾರು ಸಣ್ಣ ಫಂಕ್ಷನ್‌ಗಳಿಂದ ಕಟ್ಟಿ ತೋರಿಸಿದ್ದರು. ಇನ್ನೊಂದು, ಸಿ ಭಾಷೆಯ ಆಜ್ಞೆಗಳನ್ನು ಇದ್ದ ಹಾಗೇ ಐಒ (ಹೊರಜಗತ್ತಿನ ಜೊತೆ ವ್ಯವಹರಿಸುವ ಕೋಡಿಗೆ ಹ್ಯಾಸ್ಕೆಲ್ ಕೊಟ್ಟ ಜಾಗ) ಒಳಗೆ ಕರೆಯುವುದು. ಮೊದಲನೆಯದರಲ್ಲಿ ಸುಖ ಹೆಚ್ಚು, ಹಿಡಿತ ಕಡಿಮೆ. ಎರಡನೆಯದರಲ್ಲಿ ಉಲ್ಟಾ. ಯಾವ ಲೈಬ್ರರಿ ಎಂದು ಕೇಳುವಾಗ ನೀವು ಕೇಳುತ್ತಿರುವುದು, ಈ ಎರಡರ ನಡುವಿನ ಬೇಲಿ ನಿಮ್ಮ ಪ್ರೋಗ್ರಾಮಿನಲ್ಲಿ ಎಲ್ಲಿ ಬರಬೇಕು ಎಂದು.

ಗ್ಲಾಸ್ ಮಕ್ಕಳಾಟ ಅಂತಾರಲ್ಲ?

ಅನ್ನುವವರು ಅನ್ನಲಿ. ಬೆನ್ ಲಿಪ್‌ಮೈಯರ್ ಬರೆದ ಈ ಲೈಬ್ರರಿಗೆ ಮುಖ್ಯವಾಗಿ ನಾಲ್ಕು ಬಾಗಿಲು: ಡಿಸ್‌ಪ್ಲೇ, ಅನಿಮೇಟ್, ಸಿಮ್ಯುಲೇಟ್, ಪ್ಲೇ. ಒಂದೊಂದೂ ಹಿಂದಿನದಕ್ಕಿಂತ ಒಂದು ಹೆಜ್ಜೆ ಮುಂದೆ. ಅನಿಮೇಟ್‌ಗೆ ನೀವು ಕೊಡಬೇಕಾದದ್ದು ಒಂದೇ ಫಂಕ್ಷನ್: ಶುರುವಾಗಿ ಎಷ್ಟು ಸೆಕೆಂಡಾಯಿತು ಎಂದು ಕೊಟ್ಟರೆ ಆ ಕ್ಷಣದ ಚಿತ್ರ ವಾಪಸ್ ಕೊಡುವ ಫಂಕ್ಷನ್.

ಗೋಡೆ ಗಡಿಯಾರ ಮಾಡಿ ನೋಡೋಣ. ಗ್ಲಾಸ್‌ನಲ್ಲಿ ಸೊನ್ನೆ-ಸೊನ್ನೆ ಬಿಂದು ವಿಂಡೋದ ನಟ್ಟನಡುವೆ, ವೈ ಅಕ್ಷ ಮೇಲಕ್ಕೆ. 200 ತ್ರಿಜ್ಯದ ಒಂದು ಸರ್ಕಲ್. ಮೇಲ್ತುದಿಗೆ ಸರಿಸಿದ ಒಂದು ಪುಟ್ಟ ಆಯತ, ಅದನ್ನೇ 30 ಡಿಗ್ರಿಗೊಂದರಂತೆ ತಿರುಗಿಸಿದರೆ 12 ಗುರುತು. ಸೆಕೆಂಡಿನ ಮುಳ್ಳು ಎಂದರೆ ನಡುವಿನಿಂದ ಮೇಲಕ್ಕೆ ಒಂದು ಲೈನ್, ಸೆಕೆಂಡನ್ನು 6ರಿಂದ ಗುಣಿಸಿದಷ್ಟು ಡಿಗ್ರಿ ರೊಟೇಟ್. ನಿಮಿಷದ ಮುಳ್ಳಿಗೂ ಅದೇ 6, ಗಂಟೆ ಮುಳ್ಳಿಗೆ ನಿಮಿಷಕ್ಕೆ ಅರ್ಧ ಡಿಗ್ರಿ. ಗ್ಲಾಸ್‌ನ ರೊಟೇಟ್ ಡಿಗ್ರಿ ಲೆಕ್ಕದಲ್ಲೇ ಇದೆ, ತಿರುಗುವುದೂ ಗಡಿಯಾರದ ದಿಕ್ಕಿನಲ್ಲೇ. ಕೊನೆಗೆ ಎಲ್ಲವನ್ನೂ ಒಂದು ಲಿಸ್ಟಿಗೆ ಹಾಕಿ ಪಿಕ್ಚರ್ಸ್ ಎಂದರೆ ಮುಗಿಯಿತು. ಇಪ್ಪತ್ತು ಸಾಲೂ ಆಗುವುದಿಲ್ಲ.

ನನಗೆ ಇದರಲ್ಲಿ ಹೆಚ್ಚು ಇಷ್ಟವಾಗುವುದು ಸಾಲು ಕಡಿಮೆ ಎನ್ನುವುದಕ್ಕಿಂತ ಬೇರೆ ಸಂಗತಿ. ಪಿಕ್ಚರ್ ಎನ್ನುವುದು ಮಾಮೂಲಿ ಡೇಟಾ ಟೈಪು, ಅದಕ್ಕೆ ಶೋ ಇದೆ, ಈಕ್ವಾಲಿಟಿ ಇದೆ. ಹ್ಯಾಸ್ಕೆಲ್ ಸಾಲುಗಳನ್ನು ತಕ್ಷಣ ಓಡಿಸಿ ನೋಡುವ ಜಿಎಚ್‌ಸಿಐನಲ್ಲಿ ಆ ಗಡಿಯಾರದ ಫಂಕ್ಷನ್‌ಗೆ 15 ಕೊಟ್ಟು ಎಂಟರ್ ಒತ್ತಿದರೆ ವಿಂಡೋ ತೆರೆಯದೆಯೇ ಇಡೀ ಚಿತ್ರ ಅಕ್ಷರಗಳಲ್ಲಿ ಬರುತ್ತದೆ, ಸೆಕೆಂಡಿನ ಮುಳ್ಳಿನ ಮುಂದೆ ರೊಟೇಟ್ 90 ಎಂದಿರುತ್ತದೆ. ಗ್ರಾಫಿಕ್ಸ್ ಕೋಡಿಗೆ ಟೆಸ್ಟ್ ಬರೆಯುವುದು ಇಷ್ಟು ಸಲೀಸಾಗಿರುವ ಜಾಗ ನನಗೆ ಬೇರೆ ಸಿಕ್ಕಿಲ್ಲ.

ಪ್ಲೇ ಎಂಬ ಬಾಗಿಲಿಗೆ ಏಳು ಆರ್ಗ್ಯುಮೆಂಟು. ಹೆದರಬೇಡಿ. ವಿಂಡೋ, ಹಿನ್ನೆಲೆ ಬಣ್ಣ, ಸೆಕೆಂಡಿಗೆ ಎಷ್ಟು ಹೆಜ್ಜೆ, ಶುರುವಿನ ಸ್ಥಿತಿ. ಆಮೇಲೆ ಮೂರು ಫಂಕ್ಷನ್: ಸ್ಥಿತಿಯಿಂದ ಚಿತ್ರ, ಕೀಲಿ ಒತ್ತಿದರೆ ಹೊಸ ಸ್ಥಿತಿ, ಸಮಯ ಸರಿದರೆ ಹೊಸ ಸ್ಥಿತಿ. ಹಾವಿನಾಟ, ಟೆಟ್ರಿಸ್ ಎಲ್ಲವೂ ಈ ಮೂರರೊಳಗೆ ಕೂರುತ್ತವೆ.

ಹಾಗಾದರೆ ಗ್ಲಾಸ್ ಕೈಕೊಡುವುದು ಎಲ್ಲಿ?

ಸದ್ದು ಇಲ್ಲ. ಸ್ವಂತ ಶೇಡರ್ ಹಾಕಲು ಜಾಗ ಇಲ್ಲ. ಚಿತ್ರದ ಫೈಲು ಬಿಎಂಪಿ ಮಾತ್ರ, ಪಿಎನ್‌ಜಿ, ಜೆಪೆಗ್ ಬೇಕಾದರೆ ಗ್ಲಾಸ್-ಜ್ಯೂಸಿ ಎಂಬ ಇನ್ನೊಂದು ಪ್ಯಾಕೇಜು ಸೇರಿಸಿಕೊಳ್ಳಬೇಕು. ಲೈನಿಗೆ ದಪ್ಪ ಕೊಡಲಾಗುವುದಿಲ್ಲ, ದಪ್ಪ ಗೆರೆ ಬೇಕೆಂದರೆ ಉದ್ದನೆಯ ಆಯತ ಬರೆಯಿರಿ. ಟೆಕ್ಸ್ಟ್ ಹಾಕಿದರೆ ಮೊದಲ ಸಲ ಎಲ್ಲರೂ ಬೆಚ್ಚಿಬೀಳುತ್ತಾರೆ, ಅಕ್ಷರಗಳು ವಿಂಡೋದಾಚೆ ಹೋಗುವಷ್ಟು ದೊಡ್ಡವು. ಸ್ಕೇಲ್ 0.1 ಅಥವಾ 0.2 ಹಾಕಿ. ಫ್ರೇಮಿಗೆ ಹತ್ತಾರು ಸಾವಿರ ಆಕಾರಗಳಾದರೆ ತಡವರಿಸತೊಡಗುತ್ತದೆ, ಏಕೆಂದರೆ ಪ್ರತಿ ಫ್ರೇಮಿಗೂ ಇಡೀ ಚಿತ್ರದ ಮರವನ್ನು ಬುಡದಿಂದ ನಡೆದು ಬರೆಯುತ್ತದೆ.

ಇವುಗಳಲ್ಲಿ ಎರಡು ಮೂರು ನಿಮಗೆ ಒಟ್ಟಿಗೆ ಅಡ್ಡಬಂದರೆ ಎಸ್‌ಡಿಎಲ್2ಗೆ ಹೋಗುವ ಹೊತ್ತು ಬಂದಿದೆ ಎಂದರ್ಥ. ಒಂದೇ ಒಂದು ಅಡ್ಡಬಂದರೆ ಸ್ವಲ್ಪ ಸಹಿಸಿಕೊಳ್ಳಿ.

ಡಯಾಗ್ರಾಮ್ಸ್ ಬಗ್ಗೆ ಹೇಳಿ.

ಬ್ರೆಂಟ್ ಯಾರ್ಜಿ ಶುರು ಮಾಡಿದ್ದು. ಚಿತ್ರಗಳು ಇಲ್ಲಿ ಮೊನಾಯ್ಡ್, ಅಂದರೆ ಎರಡನ್ನು ಕೂಡಿಸಿದರೆ ಬರುವುದೂ ಚಿತ್ರವೇ: ಒಂದರ ಮೇಲೊಂದು ಹೇರುವುದು, ಪಕ್ಕಕ್ಕೆ ಜೋಡಿಸುವುದು, ಕೆಳಗೆ ಜೋಡಿಸುವುದು ಎಲ್ಲಕ್ಕೂ ಆಪರೇಟರ್‌ಗಳಿವೆ. ಪಿಕ್ಸೆಲ್ ಲೆಕ್ಕ ಕೊನೆಯ ತನಕ ಬರುವುದೇ ಇಲ್ಲ. ಪ್ರತಿ ಆಕಾರಕ್ಕೂ ತನ್ನ ಹೊರ ಅಂಚು ಯಾವ ದಿಕ್ಕಿಗೆ ಎಷ್ಟು ದೂರ ಎಂದು ಗೊತ್ತಿರುತ್ತದೆ, ಜೋಡಿಸುವಾಗ ಅದನ್ನೇ ನೋಡಿ ಜಾಗ ಹೊಂದಿಸಿಕೊಳ್ಳುತ್ತದೆ. ಎಷ್ಟು ಅಗಲ ಬೇಕೆಂದು ಫೈಲ್ ಬರೆಯುವ ಹೊತ್ತಿಗೆ ಹೇಳಿದರೆ ಸಾಕು.

ರಂಗೋಲಿ ಹಾಕಿದವರಿಗೆ ಇದು ಬೇಗ ಹಿಡಿಸುತ್ತದೆ. ಕಾಲುಭಾಗ ಬರೆದುಕೊಂಡು ಅದನ್ನು 90 ಡಿಗ್ರಿಯಂತೆ ನಾಲ್ಕು ಸಲ ತಿರುಗಿಸಿ ಕೂಡಿಸಿದರೆ ಪೂರ್ತಿ ರಂಗೋಲಿ. ಒಂದು ಎಳೆ ಬದಲಿಸಿದರೆ ನಾಲ್ಕೂ ಕಡೆ ಬದಲು.

ತೊಂದರೆ ಎರಡು. ಟೈಪ್ ತಪ್ಪಾದರೆ ಬರುವ ಎರರ್ ಒಂದು ಪುಟ ಉದ್ದ ಇರುತ್ತದೆ, ಆದ್ದರಿಂದ ಪ್ರತಿ ಡೆಫಿನಿಷನ್‌ಗೂ ಟೈಪ್ ಸಿಗ್ನೇಚರ್ ಬರೆಯುವ ಅಭ್ಯಾಸ ಇಟ್ಟುಕೊಳ್ಳಿ. ಮತ್ತೆ, ಅದು ಎಳೆದುಕೊಂಡು ಬರುವ ಪ್ಯಾಕೇಜುಗಳು ಬಹಳ; ಮೊದಲ ಸಲ ಬಿಲ್ಡ್ ಹಾಕಿ ಊಟ ಮುಗಿಸಿ ಬರಬಹುದು. ಔಟ್‌ಪುಟ್‌ಗೆ ಎಸ್‌ವಿಜಿ ಬ್ಯಾಕೆಂಡ್ ಸಾಕು. ಪಿಎನ್‌ಜಿ ಬೇಕಾದವರಿಗೆ ರಾಸ್ಟರಿಫಿಕ್ ಇದೆ, ಅದು ಪೂರ್ತಿ ಹ್ಯಾಸ್ಕೆಲ್‌ನಲ್ಲೇ ಬರೆದದ್ದಾದ್ದರಿಂದ ಸಿ ಲೈಬ್ರರಿ ಹುಡುಕುವ ತಾಪತ್ರಯ ಇಲ್ಲ.

ಓಪನ್‌ಜಿಎಲ್ ಹೆಸರಲ್ಲೇ ಮೂರು ಪ್ಯಾಕೇಜುಗಳಿವೆ. ವ್ಯತ್ಯಾಸ ಏನು?

ಓಪನ್‌ಜಿಎಲ್‌ರಾ ಎನ್ನುವುದು ಸಿ ಫಂಕ್ಷನ್‌ಗಳ ಪಡಿಯಚ್ಚು. ಪಾಯಿಂಟರು, ಪೂರ್ಣಾಂಕ, ಅಷ್ಟೆ. ಅದರ ಮೇಲೆ ಕಟ್ಟಿದ್ದು ಬರೀ ಓಪನ್‌ಜಿಎಲ್ ಎಂಬ ಹೆಸರಿನ ಪ್ಯಾಕೇಜು. ಇಲ್ಲಿ ಬ್ಲೆಂಡ್, ಕ್ಲಿಯರ್‌ಕಲರ್ ಇತ್ಯಾದಿಗಳೆಲ್ಲ ವೇರಿಯಬಲ್‌ಗಳಂತೆ ಕಾಣುತ್ತವೆ, ಡಾಲರ್ ಮತ್ತು ಸಮ ಚಿಹ್ನೆ ಸೇರಿದ ಆಪರೇಟರ್‌ನಿಂದ ಬೆಲೆ ತುಂಬುತ್ತೀರಿ, ತಪ್ಪು ಜಾಗಕ್ಕೆ ತಪ್ಪು ಸಂಖ್ಯೆ ಕೊಟ್ಟರೆ ಕಂಪೈಲರ್ ಹಿಡಿಯುತ್ತದೆ. ಮೂರನೆಯದು ಎಡ್ವರ್ಡ್ ಕ್ಮೆಟ್ ಅವರ ಜಿಎಲ್, ಇದೂ ಕಚ್ಚಾ ಬೈಂಡಿಂಗೇ, ಅಂದರೆ ಸಿ ಫಂಕ್ಷನ್‌ಗಳನ್ನು ಹ್ಯಾಸ್ಕೆಲ್‌ನಿಂದ ಹಾಗೇ ಕರೆಯಲು ಬಿಡುವ ಪ್ಯಾಕೇಜು.

ನನ್ನ ಸಲಹೆ: ಟೈಪ್ ಇರುವ ಓಪನ್‌ಜಿಎಲ್‌ನಿಂದ ಶುರು ಮಾಡಿ. ಹೊಸ ಸೌಲಭ್ಯ ಯಾವುದೋ ಅದರಲ್ಲಿ ಸಿಗದಿದ್ದರೆ ಅದೇ ಪ್ರೋಗ್ರಾಮಿನಲ್ಲಿ ಓಪನ್‌ಜಿಎಲ್‌ರಾ ಕರೆಯಬಹುದು, ಎರಡೂ ಒಂದೇ ಕಾಂಟೆಕ್ಸ್ಟ್ (ಓಪನ್‌ಜಿಎಲ್ ತನ್ನ ಸ್ಥಿತಿಯೆಲ್ಲ ಇಟ್ಟುಕೊಳ್ಳುವ ಜಾಗ) ಮೇಲೆ ಕೆಲಸ ಮಾಡುತ್ತವೆ. ಆದರೆ ನೀವು ನೋಡಿ ಕಲಿಯುತ್ತಿರುವ ಪಾಠ ಸಿ ಭಾಷೆಯದಾದರೆ ಕಚ್ಚಾ ಬೈಂಡಿಂಗೇ ವಾಸಿ. ಹೆಸರುಗಳು ಹಾಗೆಹಾಗೇ ಹೊಂದುತ್ತವೆ, ಇದಕ್ಕೆ ಹ್ಯಾಸ್ಕೆಲ್‌ನಲ್ಲಿ ಏನೆನ್ನುತ್ತಾರೋ ಎಂದು ಅರ್ಧ ದಿನ ಹುಡುಕುವುದು ತಪ್ಪುತ್ತದೆ.

ಇಲ್ಲಿ ಎಲ್ಲರೂ ಬೀಳುವ ಒಂದು ಗುಂಡಿ ಇದೆ. ವೆಕ್ಟರು, ಮ್ಯಾಟ್ರಿಕ್ಸುಗಳ ಲೆಕ್ಕಕ್ಕೆ ಬಳಸುವ ಲೀನಿಯರ್ ಪ್ಯಾಕೇಜಿನ 4x4 ಮ್ಯಾಟ್ರಿಕ್ಸು ಅಡ್ಡಸಾಲುಗಳ ಕ್ರಮದಲ್ಲಿರುತ್ತದೆ. ಓಪನ್‌ಜಿಎಲ್ ನಿರೀಕ್ಷಿಸುವುದು ಕಂಬಸಾಲುಗಳ ಕ್ರಮ. ಹಾಗೇ ಕಳಿಸಿದರೆ ಯಾವ ಎರರೂ ಬರುವುದಿಲ್ಲ, ಬರುವುದು ಕಪ್ಪು ಸ್ಕ್ರೀನು. ಟ್ರಾನ್ಸ್‌ಪೋಸ್ ಮಾಡಿ (ಅಡ್ಡಸಾಲು, ಕಂಬಸಾಲು ಅದಲುಬದಲು ಮಾಡಿ) ಕಳಿಸಿ, ಇಲ್ಲವೇ ಮ್ಯಾಟ್ರಿಕ್ಸನ್ನು ಶೇಡರಿಗೆ ಕಳಿಸುವ ಯೂನಿಫಾರ್ಮ್ ಮ್ಯಾಟ್ರಿಕ್ಸ್ ಕರೆಯಲ್ಲಿ ಟ್ರಾನ್ಸ್‌ಪೋಸ್ ಜಾಗಕ್ಕೆ ಟ್ರೂ ಕೊಡಿ. ಎರಡನ್ನೂ ಒಟ್ಟಿಗೆ ಮಾಡಿ ಮತ್ತೆ ಕಪ್ಪು ಸ್ಕ್ರೀನು ನೋಡಿದವರಲ್ಲಿ ನಾನೂ ಒಬ್ಬ.

ವಿಂಡೋ ತೆರೆಯಲು ಗ್ಲಟ್, ಜಿಎಲ್‌ಎಫ್‌ಡಬ್ಲ್ಯೂ, ಎಸ್‌ಡಿಎಲ್2: ಯಾವುದು?

ಹೊಸದಾಗಿ ಶುರು ಮಾಡುವುದಾದರೆ ಗ್ಲಟ್ ಬೇಡ. ಅದರ ಲೂಪು ನಿಮ್ಮ ಕೈಗೆ ಸಿಗುವುದಿಲ್ಲ, ಅದು ಕರೆದಾಗ ನೀವು ಓಗೊಡಬೇಕು. ವಿಂಡೋ, ಕೀಬೋರ್ಡು, ಮೌಸು ಸಾಕೆಂದರೆ ಜಿಎಲ್‌ಎಫ್‌ಡಬ್ಲ್ಯೂ-ಬಿ ಪ್ಯಾಕೇಜು. ಸಿ ಸೋರ್ಸು ಜೊತೆಯಲ್ಲೇ ಬರುವುದರಿಂದ ಕಟ್ಟುವುದು ಸುಲಭ. ಸದ್ದು, ಫಾಂಟು, ಗೇಮ್‌ಪ್ಯಾಡು ಬೇಕೆಂದರೆ ಎಸ್‌ಡಿಎಲ್2. ಅದರ ಹ್ಯಾಸ್ಕೆಲ್ ಪ್ಯಾಕೇಜಿನಲ್ಲಿ ಎರಡು ಪದರಗಳಿವೆ, ಮೇಲಿನದು ಹ್ಯಾಸ್ಕೆಲ್ ರೂಢಿಗೆ ಒಗ್ಗಿದ್ದು, ಕೆಳಗಿನದು ಕಚ್ಚಾ. ಮೇಲಿನ ಪದರದಲ್ಲಿಯೇ ಇರಿ. ಎಸ್‌ಡಿಎಲ್3 ಕೂಡ 2025ರ ಜನವರಿಯಲ್ಲಿ ಹೊರಬಂದಿದೆ, ಆದರೂ ಉದಾಹರಣೆ, ಪಾಠಗಳು ಹೆಚ್ಚಿರುವುದು 2ಕ್ಕೇ.

ಮ್ಯಾಕ್ ಇರುವವರಿಗೆ ಒಂದು ಮಾತು. ಆಪಲ್ 2018ರಲ್ಲೇ ಓಪನ್‌ಜಿಎಲ್ ಅನ್ನು ಹಳತೆಂದು ಸಾರಿತು, ಅಲ್ಲಿ 4.1ರ ನಂತರದ ಆವೃತ್ತಿಗಳು ಸಿಗುವುದಿಲ್ಲ. ಅದಕ್ಕಿಂತ ಕಾಡುವುದು ಇನ್ನೊಂದು: ಕೋರ್ ಪ್ರೊಫೈಲ್ (ಹಳೆಯದನ್ನೆಲ್ಲ ತೆಗೆದ ಹೊಸ ಓಪನ್‌ಜಿಎಲ್) ಬೇಕೆಂದು ಬಾಯಿಬಿಟ್ಟು ಕೇಳದಿದ್ದರೆ ಮ್ಯಾಕ್ ಕೊಡುವುದು ಹಳೆಯ 2.1. ಆಗ ನಿಮ್ಮ ಶೇಡರ್ ಕಂಪೈಲ್ ಆಗುವುದಿಲ್ಲ, ತಪ್ಪು ಶೇಡರಿನದೆಂದು ಅದನ್ನೇ ತಿದ್ದುತ್ತ ಕೂರುತ್ತೀರಿ. ವಿಂಡೋ ತೆರೆಯುವ ಮುಂಚೆ 3.3 ಕೋರ್ ಎಂದು ಸೂಚನೆ ಕೊಡಿ.

ವಲ್ಕನ್ ಕಲಿತರೆ ಒಳ್ಳೆಯದಲ್ಲವೇ?

ಕಾರ್ಡನ್ನು ಓಪನ್‌ಜಿಎಲ್‌ಗಿಂತ ಹತ್ತಿರದಿಂದ ಹಿಡಿಯಲು ಬಿಡುವ ವಲ್ಕನ್ 2016ರಲ್ಲಿ ಬಂತು, ಹ್ಯಾಸ್ಕೆಲ್ ಬೈಂಡಿಂಗೂ ಚೆನ್ನಾಗಿದೆ. ಆದರೆ ಒಂದು ತ್ರಿಕೋನ ಮೂಡಿಸುವಷ್ಟರಲ್ಲಿ ನೂರಾರು ಸಾಲು ಬರೆಯಬೇಕು. ಗಡಿಯಾರಕ್ಕೋ ಹಾವಿನಾಟಕ್ಕೋ ವಲ್ಕನ್ ಎಂದರೆ ಬೆಟ್ಟ ಅಗೆದು ಇಲಿ ಹಿಡಿದಂತೆ. ಓಪನ್‌ಜಿಎಲ್‌ನಲ್ಲಿ ಡ್ರೈವರಿನ ಓವರ್‌ಹೆಡ್ ನಿಮಗೆ ಅಳತೆಯಲ್ಲಿ ಕಂಡಾಗ ಬನ್ನಿ.

ಶೇಡರನ್ನೂ ಹ್ಯಾಸ್ಕೆಲ್‌ನಲ್ಲೇ ಬರೆಯಬಹುದೇ?

ಬರೆಯಬಹುದು. ಅದಕ್ಕೆ ಜಿಪೈಪ್, ಫರ್ ಎಂಬ ಲೈಬ್ರರಿಗಳಿವೆ. ಶೇಡರಿಗೂ ಪ್ರೋಗ್ರಾಮಿಗೂ ನಡುವೆ ಟೈಪು ಹೊಂದದಿದ್ದರೆ ಕಂಪೈಲರೇ ಹೇಳುತ್ತದೆ, ಕೇಳಲು ಸ್ವರ್ಗ. ಕಲಿಯುವವರಿಗೆ ನಾನು ಹೇಳುವುದು ಮಾತ್ರ ಓಪನ್‌ಜಿಎಲ್‌ನ ಶೇಡರ್ ಭಾಷೆಯಾದ ಮಾಮೂಲಿ ಜಿಎಲ್‌ಎಸ್‌ಎಲ್. ಜಗತ್ತಿನ ಉದಾಹರಣೆಗಳೆಲ್ಲ ಅದರಲ್ಲಿವೆ.

ಕನ್ನಡ ಅಕ್ಷರ ತೋರಿಸಬಹುದೇ?

ತೋರಿಸಬಹುದು, ಆದರೆ ಗ್ಲಾಸ್‌ನ ಟೆಕ್ಸ್ಟ್‌ನಿಂದ ಆಗುವುದಿಲ್ಲ. ಅದು ಗ್ಲಟ್‌ನ ಗೆರೆ ಅಕ್ಷರಗಳನ್ನು ಬಳಸುತ್ತದೆ, ಅಲ್ಲಿರುವುದು ಇಂಗ್ಲಿಷ್ ಅಕ್ಷರ, ಅಂಕೆ, ಚಿಹ್ನೆಗಳು ಮಾತ್ರ.

ಫಾಂಟ್ ಫೈಲು ಲೋಡ್ ಮಾಡಿಬಿಟ್ಟರೆ ಆಯಿತು ಎಂದುಕೊಂಡರೂ ಸಾಲದು. ‘ಸೂರ್ಯ’ ಎಂಬ ಪದ ತೆಗೆದುಕೊಳ್ಳಿ. ಯೂನಿಕೋಡ್‌ನಲ್ಲಿ ಅದು ಐದು ಸಂಕೇತ: ಸ, ದೀರ್ಘ ಊಕಾರದ ಗುರುತು, ರ, ಹಲಂತ, ಯ. ಸ್ಕ್ರೀನಿನ ಮೇಲೆ ಯ ಮೊದಲು ಬಂದು ಅರ್ಕಾವೊತ್ತು ಅದರ ಬಲಕ್ಕೆ ಹೋಗಬೇಕು. ಸಂಕೇತಕ್ಕೊಂದು ಅಕ್ಷರದಂತೆ ಎಡದಿಂದ ಬಲಕ್ಕೆ ಅಂಟಿಸುವ ಲೈಬ್ರರಿಗೆ ಇದು ಗೊತ್ತಿಲ್ಲ. ರ, ಹಲಂತ, ಯ ಬಿಡಿಬಿಡಿಯಾಗಿ ಬಿದ್ದಿರುತ್ತವೆ. ‘ಸ್ತ್ರೀ’ ಬರೆದರೆ ಇನ್ನೂ ರಾದ್ಧಾಂತ. ಒತ್ತು, ಗುಣಿತಗಳನ್ನು ಸರಿಯಾಗಿ ಕೂರಿಸುವ ಈ ಕೆಲಸಕ್ಕೆ ಶೇಪಿಂಗ್ ಎನ್ನುತ್ತಾರೆ, ಅದನ್ನು ಮಾಡುವ ಹೆಸರಾಂತ ಲೈಬ್ರರಿ ಹಾರ್ಫ್‌ಬಜ್.

ಆದ್ದರಿಂದ ದಾರಿ ಮೂರು. ಚಿತ್ರ ಬರೆಯುವ ಕೈರೋ ಜೊತೆ ಅಕ್ಷರ ಜೋಡಿಸುವ ಪ್ಯಾಂಗೋ ಬಳಸಿ, ಪ್ಯಾಂಗೋ ಒಳಗೆ ಹಾರ್ಫ್‌ಬಜ್ ಇದೆ. ಅದರಿಂದ ಪದವನ್ನು ಒಂದು ಚಿತ್ರವಾಗಿ ಬರೆಸಿಕೊಂಡು ಟೆಕ್ಸ್ಚರ್ (ಆಕಾರದ ಮೇಲೆ ಅಂಟಿಸುವ ಚಿತ್ರ) ಆಗಿ ಏರಿಸಿ. ಅಥವಾ ಹಾರ್ಫ್‌ಬಜ್ ಸೇರಿಸಿ ಕಂಪೈಲ್ ಮಾಡಿದ ಎಸ್‌ಡಿಎಲ್-ಟಿಟಿಎಫ್ ಬಳಸಿ. ಅಥವಾ ಡಯಾಗ್ರಾಮ್ಸ್‌ನಿಂದ ಎಸ್‌ವಿಜಿ ಬರೆಸಿ. ಪದ ಅದರಲ್ಲಿ ಪದವಾಗಿಯೇ ಉಳಿಯುತ್ತದೆ, ಬ್ರೌಸರ್ ಅದನ್ನು ಸರಿಯಾಗಿ ತೋರಿಸುತ್ತದೆ. ಈ ಮೂರನೆಯದರಲ್ಲಿ ಒಂದು ಕೊಸರು ಇದೆ. ಡಯಾಗ್ರಾಮ್ಸ್‌ನ ಲೆಕ್ಕದಲ್ಲಿ ಟೆಕ್ಸ್ಟ್‌ಗೆ ಅಗಲವೇ ಇಲ್ಲ, ಅದೊಂದು ಬಿಂದು. ಪಕ್ಕಕ್ಕೆ ಏನಾದರೂ ಜೋಡಿಸಿದರೆ ಪದದ ಮೇಲೇ ಬಂದು ಕೂರುತ್ತದೆ. ಪದದ ಹಿಂದೆ ಒಂದು ಕಾಣದ ಆಯತ ಇಟ್ಟುಬಿಡಿ.

ಆಟದಲ್ಲಿ ಬರುವ ಪದಗಳು ಹತ್ತಿಪ್ಪತ್ತೇ ಆಗಿದ್ದರೆ ಇಷ್ಟೆಲ್ಲ ಬೇಕಾಗಿಯೂ ಇಲ್ಲ. ಮೊದಲೇ ಪಿಎನ್‌ಜಿ ಮಾಡಿಟ್ಟುಕೊಂಡರಾಯಿತು.

ಹ್ಯಾಸ್ಕೆಲ್ ನಿಧಾನ ಅಂತಾರೆ, 60 ಫ್ರೇಮು ಬರುತ್ತದೆಯೇ?

ಬರುತ್ತದೆ, ನೀವು ಕೆಡಿಸದಿದ್ದರೆ. ಕೆಡಿಸುವ ಸುಲಭ ವಿಧಾನ ಲಿಸ್ಟು. 64 ಬಿಟ್ ಯಂತ್ರದಲ್ಲಿ ಫ್ಲೋಟ್‌ಗಳ ಲಿಸ್ಟಿನ ಒಂದೊಂದು ಕೊಂಡಿಗೂ 24 ಬೈಟು, ಒಳಗಿನ ಫ್ಲೋಟ್‌ಗೆ ಇನ್ನೊಂದು 16, ಒಟ್ಟು 40. ಗ್ರಾಫಿಕ್ಸ್ ಕಾರ್ಡಿಗೆ ಬೇಕಾದದ್ದು 4. ಹತ್ತು ಲಕ್ಷ ಸಂಖ್ಯೆಗೆ 4 ಎಂಬಿ ಸಾಕಾಗುವಲ್ಲಿ 40 ಎಂಬಿ ಹಿಡಿಯಿತು, ಮೇಲೆ ಬೇಡದ ಮೆಮೊರಿ ಗುಡಿಸುವ ಗಾರ್ಬೇಜ್ ಕಲೆಕ್ಟರ್ ಅದನ್ನೆಲ್ಲ ಸುತ್ತಬೇಕು. ಸಂಖ್ಯೆಗಳನ್ನು ಸಾಲಾಗಿ ಒತ್ತೊತ್ತಿಗೆ ಇಡುವ ಸ್ಟೋರಬಲ್ ವೆಕ್ಟರ್ ಬಳಸಿ. ಅದರ ಪಾಯಿಂಟರನ್ನು ನೇರ ಬಫರಿಗೆ ಕೊಡಬಹುದು.

60 ಫ್ರೇಮು ಎಂದರೆ ಒಂದಕ್ಕೆ 16.6 ಮಿಲಿಸೆಕೆಂಡು. ಕಲೆಕ್ಟರ್ ಅಷ್ಟು ಹೊತ್ತು ನಿಂತರೆ ಆಟ ಮುಗ್ಗರಿಸುತ್ತದೆ. ಹ್ಯಾಸ್ಕೆಲ್ ಕಂಪೈಲರಾದ ಜಿಎಚ್‌ಸಿಯಲ್ಲಿ 8.10ರಿಂದ, ಪ್ರೋಗ್ರಾಮನ್ನು ಹೆಚ್ಚು ಹೊತ್ತು ನಿಲ್ಲಿಸದ ನಾನ್‌ಮೂವಿಂಗ್ ಕಲೆಕ್ಟರ್ ಇದೆ, ದೊಡ್ಡ ಹೀಪ್ ಇರುವವರು ಅದನ್ನು ಪ್ರಯತ್ನಿಸಿ. ಸಣ್ಣ ಆಟಗಳಿಗೆ ಮಾಮೂಲಿಯದೇ ಸಾಕು.

ಶುರುವಲ್ಲಿ ಚೆನ್ನಾಗಿ ಓಡಿ, ಹತ್ತು ನಿಮಿಷಕ್ಕೆ ಮೆಮೊರಿ ತುಂಬುತ್ತದೆ. ಲೈಬ್ರರಿಯ ತಪ್ಪೇ?

ಬಹುಮಟ್ಟಿಗೆ ನಿಮ್ಮದು. ನನ್ನದೇ ಕಥೆ ಹೇಳುತ್ತೇನೆ. ಕಾರಿನ ಆಟ, ಆಟ ಮುಗಿದ ಮೇಲೆ ಒಟ್ಟು ಎಷ್ಟು ದೂರ ಓಡಿತು ಎಂದು ತೋರಿಸಬೇಕು. ಪ್ರತಿ ಫ್ರೇಮಿಗೂ ಹಳೆಯ ದೂರಕ್ಕೆ ವೇಗ ಕೂಡಿಸುತ್ತಿದ್ದೆ. ನಡುವೆ ಆ ಸಂಖ್ಯೆಯನ್ನು ಯಾರೂ ನೋಡುವುದಿಲ್ಲ. ಯಾರೂ ನೋಡದ್ದನ್ನು ಹ್ಯಾಸ್ಕೆಲ್ ಲೆಕ್ಕ ಹಾಕುವುದಿಲ್ಲ, ಆಮೇಲೆ ಮಾಡುತ್ತೇನೆಂದು ಒಂದು ಥಂಕ್ ಬರೆದಿಡುತ್ತದೆ. ಹತ್ತು ನಿಮಿಷಕ್ಕೆ 36,000 ಥಂಕ್. ಅಷ್ಟೇ ಆಗಿದ್ದರೆ ಗೊತ್ತೇ ಆಗುತ್ತಿರಲಿಲ್ಲ. ಪ್ರತಿಯೊಂದೂ ತನ್ನ ಲೆಕ್ಕಕ್ಕೆ ಬೇಕೆಂದು ಹಿಂದಿನ ಫ್ರೇಮಿನ ಇಡೀ ಸ್ಥಿತಿಯನ್ನು, ಅದರೊಳಗಿನ ಹೊಗೆ ಕಣಗಳ ಸಮೇತ, ಹಿಡಿದುಕೊಂಡಿತ್ತು. ವಾರಪೂರ್ತಿ ಎಸ್‌ಡಿಎಲ್ ಬೈಂಡಿಂಗನ್ನು ಬೈದುಕೊಂಡೆ.

ಸ್ಥಿತಿಯ ರೆಕಾರ್ಡಿರುವ ಮಾಡ್ಯೂಲಿನಲ್ಲಿ ಬೆಲೆಗಳನ್ನು ಮುಂದೂಡದೆ ಆಗಲೇ ಲೆಕ್ಕ ಹಾಕಿಸುವ ಸ್ಟ್ರಿಕ್ಟ್‌ಡೇಟಾ ಹಾಕಿ. ಆ ಆಟಕ್ಕೆ ಅದೊಂದು ಸಾಲೇ ಸಾಕಾಯಿತು.

ಕಾರಣವೇ ಇಲ್ಲದೆ ಕ್ರ್ಯಾಶ್ ಆಗುತ್ತದೆ.

ಮೂರು ಜಾಗ ನೋಡಿ.

ಮೊದಲನೆಯದು ಥ್ರೆಡ್. ಓಪನ್‌ಜಿಎಲ್ ಕಾಂಟೆಕ್ಸ್ಟು ಆಪರೇಟಿಂಗ್ ಸಿಸ್ಟಮ್ಮಿನ ಒಂದು ಥ್ರೆಡ್‌ಗೆ ಕಟ್ಟಿರುತ್ತದೆ. ಹ್ಯಾಸ್ಕೆಲ್‌ನ ಫೋರ್ಕ್‌ಐಒ ಮಾಡಿದ ಹಗುರ ಥ್ರೆಡ್ ಇವತ್ತು ಅಂಥ ಒಂದರ ಮೇಲೆ, ನಾಳೆ ಇನ್ನೊಂದರ ಮೇಲೆ. ಚಿತ್ರ ಬರೆಯುವ ಕರೆಗಳೆಲ್ಲ ಮೇನ್‌ನಿಂದಲೇ ಹೋಗಲಿ, ಲೆಕ್ಕಾಚಾರ ಬೇಕಾದರೆ ಬೇರೆ ಥ್ರೆಡ್‌ಗಳಲ್ಲಿ ಮಾಡಿ. ಜಿಎಚ್‌ಸಿಐ ಒಳಗಿಂದ ಓಡಿಸಿದಾಗ ಮಾತ್ರ ಕ್ರ್ಯಾಶ್ ಆದರೆ, ಅದರಲ್ಲೂ ಮ್ಯಾಕ್‌ನಲ್ಲಿ, ಕಾರಣ ಇದೇ. ಜಿಎಚ್‌ಸಿಐ ಸ್ಯಾಂಡ್‌ಬಾಕ್ಸ್ ಬೇಡವೆನ್ನುವ ಫ್ಲ್ಯಾಗ್ ಕೊಟ್ಟು ನೋಡಿ.

ಎರಡನೆಯದು ನೀವೇ ಬರೆದ ಬೈಂಡಿಂಗಿನಲ್ಲಿ ಅನ್‌ಸೇಫ್ ಎಂದು ಬರೆದಿದ್ದರೆ. ಸಣ್ಣ ಕರೆಗಳಿಗೆ ಅದು ವೇಗ. ಆದರೆ ಆ ಸಿ ಫಂಕ್ಷನ್ ತಿರುಗಿ ಹ್ಯಾಸ್ಕೆಲ್ ಕಾಲ್‌ಬ್ಯಾಕನ್ನು ಕರೆಯುವಂತಿಲ್ಲ. ಕೀಬೋರ್ಡ್ ಈವೆಂಟು ಹೆಕ್ಕುವ ಫಂಕ್ಷನ್ ಮಾಡುವುದೇ ಅದನ್ನು.

ಮೂರನೆಯದು ಟೆಕ್ಸ್ಚರು, ಬಫರುಗಳನ್ನು ಫೈನಲೈಸರ್ (ಬೇಡವಾದದ್ದನ್ನು ಕಲೆಕ್ಟರ್ ಗುಡಿಸುವಾಗ ಓಡುವ ಕೋಡು) ಮೇಲೆ ಬಿಟ್ಟಿದ್ದರೆ. ಅದು ಯಾವಾಗ ಓಡುತ್ತದೆ, ಯಾವ ಥ್ರೆಡ್‌ನಲ್ಲಿ ಓಡುತ್ತದೆ ಎಂಬುದಕ್ಕೆ ಖಾತ್ರಿ ಇಲ್ಲ. ಬ್ರ್ಯಾಕೆಟ್ ಎಂಬ ಫಂಕ್ಷನ್ ಬಳಸಿ ನೀವೇ ಬಿಡುಗಡೆ ಮಾಡಿ.

ಎಫ್‌ಆರ್‌ಪಿ (ಫಂಕ್ಷನಲ್ ರಿಯಾಕ್ಟಿವ್ ಪ್ರೋಗ್ರಾಮಿಂಗ್) ಕಲಿಯದೆ ಆಗುವುದಿಲ್ಲವೇ?

ಆಗುತ್ತದೆ. ಕೊನಾಲ್ ಎಲಿಯಟ್ ಮತ್ತು ಪಾಲ್ ಹುಡಾಕ್ 1997ರಲ್ಲಿ ಮುಂದಿಟ್ಟ ಆ ಕಲ್ಪನೆ, ಅಂದರೆ ಸಮಯದೊಂದಿಗೆ ಬದಲಾಗುವ ಬೆಲೆಯನ್ನೇ ಒಂದು ವ್ಯಾಲ್ಯೂ ಮಾಡುವುದು, ನಿಜಕ್ಕೂ ಸೊಗಸು. ಯಾಂಪಾ, ರಿಯಾಕ್ಟಿವ್-ಬನಾನಾ ಎಂದು ಲೈಬ್ರರಿಗಳೂ ಇವೆ. ಎಲ್ಮ್ ಭಾಷೆ ಮೊದಲು ಅದರ ಮೇಲೇ ನಿಂತಿತ್ತು, 2016ರ 0.17 ಆವೃತ್ತಿಯಲ್ಲಿ ಕೈಬಿಟ್ಟಿತು. ಗ್ಲಾಸ್‌ನ ಪ್ಲೇ ಮಾದರಿ ನಿಮ್ಮ ಆಟಕ್ಕೆ ಸಾಲದಾದಾಗ ಯೋಚಿಸಿ.

ವಿಂಡೋಸ್‌ನಲ್ಲಿ ಗ್ಲಾಸ್ ಓಡಿಸಿದರೆ ಗ್ಲಟ್‌ಇನಿಟ್ ಗೊತ್ತಿಲ್ಲ ಅನ್ನುತ್ತದೆ.

ಡಿಎಲ್‌ಎಲ್ ಸಿಕ್ಕಿಲ್ಲ. ಫ್ರೀಗ್ಲಟ್‌ನ 64 ಬಿಟ್ ಡಿಎಲ್‌ಎಲ್ ತಂದು, ಗ್ಲಟ್32 ಎಂದು ಹೆಸರು ಬದಲಿಸಿ, ನಿಮ್ಮ ಎಕ್ಸಿ ಫೈಲಿನ ಪಕ್ಕದಲ್ಲಿಡಿ. ಹೆಸರಲ್ಲಿ 32 ಇದೆಯೆಂದು 32 ಬಿಟ್‌ನದನ್ನು ತರಬೇಡಿ.

ಪ್ಯಾಕೇಜು ಬದುಕಿದೆಯೋ ಇಲ್ಲವೋ ಹೇಗೆ ತಿಳಿಯುವುದು?

ಹ್ಯಾಕೇಜ್ ಪುಟದಲ್ಲಿ ಕೊನೆಯ ಅಪ್‌ಲೋಡ್ ತಾರೀಖು ಎಲ್ಲರೂ ನೋಡುತ್ತಾರೆ. ನಾನು ಮೊದಲು ನೋಡುವುದು ಜಿಎಚ್‌ಸಿ ಜೊತೆಗೇ ಬರುವ ಬೇಸ್ ಪ್ಯಾಕೇಜಿಗೆ ಹಾಕಿರುವ ಆವೃತ್ತಿಯ ಮೇಲ್ಮಿತಿ. ನಿಮ್ಮ ಜಿಎಚ್‌ಸಿಯ ಬೇಸ್ ಅದರೊಳಗೆ ಬರದಿದ್ದರೆ ಬಿಲ್ಡ್ ಶುರುವಾಗುವುದೇ ಇಲ್ಲ. ಒಟ್ಟಿಗೆ ಹೊಂದುವ ಪ್ಯಾಕೇಜುಗಳನ್ನು ಆರಿಸಿಡುವ ಸ್ಟ್ಯಾಕೇಜ್‌ನ ಈಚಿನ ಪಟ್ಟಿಯಲ್ಲಿ ಇದ್ದರೆ ಒಳ್ಳೆಯ ಲಕ್ಷಣ. ತಾರೀಖು ಹಳೆಯದೆಂದ ಮಾತ್ರಕ್ಕೆ ಸತ್ತಿದೆ ಎನ್ನಬೇಡಿ, ಕೆಲವು ಬೈಂಡಿಂಗ್‌ಗಳಲ್ಲಿ ಬದಲಿಸುವಂಥದ್ದೇ ಏನೂ ಉಳಿದಿರುವುದಿಲ್ಲ.

ಬ್ರೌಸರಿನಲ್ಲಿ ಓಡಿಸಬೇಕು.

ಜಿಎಚ್‌ಸಿ 9.6ರಿಂದ ಜಾವಾಸ್ಕ್ರಿಪ್ಟ್, ವೆಬ್‌ಅಸೆಂಬ್ಲಿ ಎರಡೂ ಬ್ಯಾಕೆಂಡ್‌ಗಳಿವೆ, ಆದರೆ ಓಪನ್‌ಜಿಎಲ್ ಬೈಂಡಿಂಗ್‌ಗಳು ಅಲ್ಲಿ ಹಾಗೇ ಓಡುವುದಿಲ್ಲ. ಶಾಲೆ ಮಕ್ಕಳಿಗೆ ಕಲಿಸಲು ಕೋಡ್‌ವರ್ಲ್ಡ್ ತಾಣ ನೋಡಿ, ಗ್ಲಾಸ್ ಬಲ್ಲವರಿಗೆ ಪರಿಚಿತ ಎನಿಸುತ್ತದೆ.

ಒಕ್ಯಾಮಲ್, ಕ್ಲೋಜರ್, ರಾಕೆಟ್ ಭಾಷೆಗಳನ್ನು ಬಳಸುವವರಿಗೆ?

ಒಕ್ಯಾಮಲ್‌ನಲ್ಲಿ ಹಿಂದೆ ಭಾಷೆಯೊಂದಿಗೇ ಬರುತ್ತಿದ್ದ ಗ್ರಾಫಿಕ್ಸ್ ಲೈಬ್ರರಿಯನ್ನು 4.09ರಲ್ಲಿ ಹೊರಗಿಟ್ಟರು, ಈಗ ಪ್ಯಾಕೇಜು ತರುವ ಓಪ್ಯಾಮ್‌ನಿಂದ ಪ್ರತ್ಯೇಕ ಹಾಕಿಕೊಳ್ಳಬೇಕು. ಕ್ಲೋಜರ್‌ಗೆ, ಚಿತ್ರ ಬರೆಯುವ ಪ್ರೊಸೆಸಿಂಗ್ ಎಂಬ ಪರಿಸರದ ಮೇಲೆ ಕಟ್ಟಿದ ಕ್ವಿಲ್. ರಾಕೆಟ್‌ನವರು ಪುಣ್ಯವಂತರು, ಚಿತ್ರವೇ ವ್ಯಾಲ್ಯೂ ಆಗಿರುವ ಲೈಬ್ರರಿ ಭಾಷೆಯ ಜೊತೆಗೇ ಸಿಗುತ್ತದೆ.

ಈಗ ಒಂದನ್ನು ಹಿಡಿದು ಆಮೇಲೆ ಬದಲಿಸಬೇಕಾದರೆ ಎಲ್ಲ ಮತ್ತೆ ಬರೆಯಬೇಕೇ?

ನಿಮ್ಮದೇ ಒಂದು ಚಿತ್ರದ ಟೈಪು ಬರೆದುಕೊಂಡರೆ ಬೇಕಿಲ್ಲ. ವೃತ್ತ, ಗೆರೆ, ಸರಿಸು, ತಿರುಗಿಸು, ಬಣ್ಣ, ಗುಂಪು: ಆರು ಕನ್‌ಸ್ಟ್ರಕ್ಟರ್. ಆಟದ ಕೋಡೆಲ್ಲ ಇದನ್ನೇ ಹಿಂದಿರುಗಿಸಲಿ. ಇದನ್ನು ಗ್ಲಾಸ್‌ಗೋ ಎಸ್‌ಡಿಎಲ್‌ಗೋ ದಾಟಿಸುವ ಫಂಕ್ಷನ್ ಒಂದೇ ಒಂದು ಫೈಲಿನಲ್ಲಿರಲಿ, ಲೈಬ್ರರಿಯ ಇಂಪೋರ್ಟು ಇನ್ನೆಲ್ಲೂ ಕಾಣಬಾರದು. ಮೊದಲ ದಿನ ಇದು ದಂಡದ ಕೆಲಸ ಅನ್ನಿಸುತ್ತದೆ.

ದಾಟಿಸುವಾಗ ದಿಕ್ಕುಗಳ ಮೇಲೆ ಕಣ್ಣಿಡಿ. ಎಸ್‌ಡಿಎಲ್‌ನಲ್ಲಿ ಸೊನ್ನೆ ಎಡ ಮೇಲ್ಮೂಲೆಯಲ್ಲಿದೆ, ವೈ ಕೆಳಮುಖ. ಡಯಾಗ್ರಾಮ್ಸ್‌ನಲ್ಲಿ ರೊಟೇಟ್ ಗಡಿಯಾರದ ವಿರುದ್ಧ ದಿಕ್ಕಿಗೆ. ಒಂದು ಲೇಖನಕ್ಕೆ ಎಸ್‌ವಿಜಿ ಬೇಕಾಗಿ ಆ ಗೋಡೆ ಗಡಿಯಾರವನ್ನೇ ಡಯಾಗ್ರಾಮ್ಸ್‌ಗೆ ದಾಟಿಸಿದೆ. 10 ಗಂಟೆ 10 ನಿಮಿಷ ತೋರಿಸಬೇಕಿತ್ತು. ಮುಳ್ಳುಗಳು ಎರಡೂ ಉಲ್ಟಾ ತಿರುಗಿ ನಿಂತಾಗ ಅದು 1 ಗಂಟೆ 50 ನಿಮಿಷವಾಯಿತು, ಗಂಟೆ ಮುಳ್ಳು ಎರಡರ ಹತ್ತಿರ, ನಿಮಿಷದ ಮುಳ್ಳು ಹತ್ತರ ಮೇಲೆ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದ ಸರಿಯಾದ ಹೊತ್ತು. ಲೇಖನ ನೋಡಿಕೊಟ್ಟ ಇಬ್ಬರೂ ಗಮನಿಸಲಿಲ್ಲ, ನಾನೂ ಗಮನಿಸಲಿಲ್ಲ. ಅಚ್ಚಿಗೆ ಹೋಗುವ ಹಿಂದಿನ ರಾತ್ರಿ ಕಂಡಿತು. ಆ ಒಂದು ಫೈಲು ತೆರೆದು, ತಿರುಗಿಸು ಎಂದಿರುವ ಸಾಲಿನಲ್ಲಿ ಒಂದು ಮೈನಸ್ ಹಾಕಿ ಮಲಗಿದೆ.